ಅತ್ತೆಯವರ ಬಿಸಿಜಾಗ

ಆ ವರ್ಷ ಚಳಿ ಶುರುವಾಗುವ ಮುನ್ನ ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ನೆಲ ಬಿಸಿಮಾಡುವ ನಮ್ಮನೆ ಬಾಯ್ಲರಿಗೆ ಇನ್ನು ಮುಂದೆ ಪರರ ಕೈ ಸೋಕಕೂಡದು! ಇಪ್ಪತ್ತೆರಡು ವರ್ಷ ಚುಂಚೊನ್ ಪೇಟೆಯ ಏರು ರಸ್ತೆಗಳಲ್ಲಿ, ಮಂಜಿನಲ್ಲಿ, ಸಿಟಿ ಬಸ್ಸು ಓಡಿಸಿದ ಈ ಪ್ಯೋ ದಾಲ್ಸುವಿಗೆ ಬಾಲ್ಕನಿಯಲ್ಲಿ ಗೊರಗುಟ್ಟುವ ಒಂದು ತಗಡಿನ ಡಬ್ಬ ಯಾವ ಲೆಕ್ಕ?

ಪ್ರತಿಜ್ಞೆಗೆ ಕಾರಣವಿತ್ತು. ಹಿಂದಿನ ವರ್ಷ ಬಾಯ್ಲರ್ ನಿಂತಾಗ ಒಬ್ಬ ಮಹಾನುಭಾವ ಬಂದ, ಒಂದು ಗುಂಡಿ ಒತ್ತಿದ, ಒಂದು ಮೂಟೆ ಅಕ್ಕಿಯ ದುಡ್ಡು ಎಣಿಸಿಕೊಂಡು ಹೋದ. ಈ ವರ್ಷವಂತೂ ಮಗಳ ಮದುವೆ ಮಾಡಿ ನಮ್ಮ ಕೈ ಪೂರ್ತಿ ಬರಿದಾಗಿತ್ತು. ನನ್ನ ಹೆಂಡತಿ ಮಾಲ್ಜಾ ಕೆಲಸ ಮಾಡುವ ಕೋಳಿ ಹೋಟೆಲಿನಲ್ಲಿ ಗಿರಾಕಿಗಳಿಗಿಂತ ಕುರ್ಚಿಗಳೇ ಹೆಚ್ಚಾಗಿದ್ದವು.

"ಗುಂಡಿ ಒತ್ತೋಕೆ ನನಗೆ ಬೆರಳಿಲ್ವಾ?" ಅಂದೆ.

"ಬೆರಳಿದೆ. ಅದೇ ಭಯ," ಅಂದಳು ಮಾಲ್ಜಾ.

ನವೆಂಬರ್ ಕೊನೆಗೆ ಕಿಮ್ಚಿ ಹಾಕಲು ಅತ್ತೆಯವರು ಬಂದರು. ಜೊಂಗ್‌ಸೊನ್ ಬೆಟ್ಟದೂರಿನ ಎಂಬತ್ತು ವರ್ಷದ ಹೆಂಗಸು, ಎರಡು ಬಸ್ಸು ಬದಲಾಯಿಸಿ, ಮೆಣಸಿನಪುಡಿಯ ಗಂಟನ್ನು ಮೊಮ್ಮಗುವಿನ ಹಾಗೆ ತೊಡೆಮೇಲೆ ಕೂರಿಸಿಕೊಂಡು ಬಂದಿದ್ದರು. ಎರಡು ದಿನ ಐವತ್ತು ಕೋಸಿಗೆ ಉಪ್ಪು ಹಾಕಿ, ತೊಳೆದು, ಒಂದೊಂದೇ ಎಲೆಯ ನಡುವೆ ಖಾರ ಮೆತ್ತಿದರು. ಮೂರನೆಯ ದಿನ ಅವರ ಮಂಡಿ ಬನ್ನಿನ ಹಾಗೆ ಊದಿಕೊಂಡಿತು.

ಅವತ್ತು ಮಾಲ್ಜಾ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದಳು. "ರೀ, ಅಮ್ಮನ್ನ ಈ ಚಳಿಗಾಲ ಪೂರ್ತಿ ಇಲ್ಲೇ ಇಟ್ಕೋಬೇಕು. ಅಣ್ಣನ ಮನೇಗೆ ಹೋದ್ರೆ ಸುಮ್ನೆ ಕೂರೋ ಜೀವ ಅಲ್ಲ ಅದು. ಸೌದೆ ಹೊರುತ್ತೆ, ಹಿಮ ಗುಡಿಸುತ್ತೆ. ಬಿಸಿ ನೆಲದ ಮೇಲೆ ಮೂರು ತಿಂಗಳು ಮಂಡಿ ಕಾಯಿಸಿಕೊಳ್ಳಲಿ."

"ಇರಲಿ. ನನ್ನದೇನು ಅಡ್ಡಿ?"

"ನಿಮ್ಮದಲ್ಲ. ಅವರೇ ಒಪ್ಪಲ್ಲ. ಮಗನ ಮನೆ ಇದ್ದೂ ಅಳಿಯನ ಮನೇಲಿ ಬಿದ್ದಿದ್ದಾಳೆ ಅಂತ ಊರವರು ಆಡ್ಕೋತಾರಂತೆ. ಒಂದು ನೆಪ ಸಿಕ್ರೆ ಸಾಕು, ಗಂಟು ಕಟ್ತಾರೆ. ಆ ನೆಪ ನಮ್ಮ ಕಡೆಯಿಂದ ಸಿಗಬಾರದು."

ಸಿಕ್ಕಿತು! ಅದೇ ಸಂಜೆ ನೆಲ ತಣ್ಣಗಾಯಿತು. ನೆಲದಡಿ ಸುತ್ತಿಸುತ್ತಿ ಮಲಗಿದ ಕೊಳವೆಗಳಲ್ಲಿ ಬಿಸಿನೀರು ಹರಿದರೆ ತಾನೇ ಮನೆ ಮನೆಯಾಗಿರುವುದು? ಗೋಡೆಯ ಮೇಲೆ ಬಾಯ್ಲರಿನ ಕೆಂಪುದೀಪ ಮಿಣಿಮಿಣಿ ಅನ್ನುತ್ತಿತ್ತು. ಹೋಗಿ ನೋಡಿದೆ. ನೀರು ಕಡಿಮೆ! ಅಷ್ಟೇನಾ? ನಲ್ಲಿ ತಿರುಗಿಸಿ ನೀರು ಬಿಟ್ಟೆ. ದೀಪ ಆರಿತು, ಬಾಯ್ಲರ್ ಗುರ್ರೆಂದಿತು. ನಾನು ಯುದ್ಧ ಗೆದ್ದ ಸೇನಾಪತಿಯಂತೆ ಒಳಗೆ ಬಂದೆ.

"ನೋಡಿದ್ಯಾ? ಬಸ್ಸಿನ ರೇಡಿಯೇಟರ್ ಹಾಗೇ ಇದೂನೂ. ಬಾಯಾರಿಕೆ ಆಗಿತ್ತು, ಅಷ್ಟೇ."

ಮರುದಿನ ಮತ್ತೆ ಬಾಯಾರಿಕೆ. ಅದರ ಮರುದಿನವೂ. ನಾನು ದಿನಾ ಬೆಳಗ್ಗೆ ಬಾಯ್ಲರಿಗೆ ನೀರು ಕುಡಿಸಿ, ಆಮೇಲೆ ಡಿಪೋಗೆ ಹೋಗಿ ಬಸ್ಸಿಗೆ ನೀರು ಕುಡಿಸುವುದು ನಿಯಮವಾಯಿತು.

"ದಿನಾ ಇಷ್ಟು ಕುಡೀತಿದ್ಯಲ್ಲ," ಅಂದಳು ಮಾಲ್ಜಾ, "ಆ ನೀರೆಲ್ಲ ಹೋಗ್ತಿರೋದು ಎಲ್ಲಿಗೆ?"

"ಆವಿ ಆಗುತ್ತೆ."

"ಎಲ್ಲಿ ಆವಿ? ನನಗೆ ಕಾಣ್ತಿಲ್ವಲ್ಲ?"

"ಆವಿ ಕಾಣೋ ವಸ್ತುವಲ್ಲ. ಯಂತ್ರಗಳ ವಿಷಯ ನಿನಗೆ ತಿಳಿಯೋದಿಲ್ಲ, ಬಿಡು."

ಇಷ್ಟು ನೀರು ಕುಡಿದರೂ ನೆಲ ಮಾತ್ರ ಉಗುರುಬೆಚ್ಚಗೂ ಬರಲಿಲ್ಲ. ನಾವು ಮನೆಯೊಳಗೆ ಎರಡೆರಡು ಕಾಲುಚೀಲ ಹಾಕಿಕೊಂಡು ಬಾತುಕೋಳಿಗಳ ಹಾಗೆ ಓಡಾಡಿದೆವು. ಅತ್ತೆ ಪ್ರತಿ ಊಟದ ಕೊನೆಗೂ "ನಾಳೆ ಬೆಳಗ್ಗೆ ಬಸ್ಸಿಗೆ ಹೊರಡ್ತೀನಮ್ಮಾ" ಅನ್ನತೊಡಗಿದರು. ಮಾಲ್ಜಾ ನನ್ನ ಕಡೆ ನೋಡುತ್ತಿದ್ದ ನೋಟದಲ್ಲಿ ಬೆಂಕಿಯಿದ್ದಿದ್ದರೆ ಬಾಯ್ಲರೇ ಬೇಕಿರಲಿಲ್ಲ.

ಐದನೆಯ ದಿನ ಪವಾಡ ನಡೆಯಿತು. ದೊಡ್ಡಕೋಣೆಯಲ್ಲಿ ಸಿಹಿಗೆಣಸಿನ ತಟ್ಟೆ ಹಿಡಿದು ನಡೆಯುತ್ತಿದ್ದ ಅತ್ತೆ ಬೀರುವಿನ ಪಕ್ಕ ಥಟ್ಟನೆ ನಿಂತರು. ಒಂದು ಹೆಜ್ಜೆ ಹಿಂದಿಟ್ಟರು, ಮತ್ತೆ ಮುಂದಿಟ್ಟರು.

"ಅಯ್ಯೋ, ಇಲ್ಲಿದೆಯಲ್ರೋ!" ಅಂತ ಕೂಗಿ ಅಲ್ಲೇ ಕುಕ್ಕರಿಸಿದರು.

ಅಂಗೈ ಇಟ್ಟು ನೋಡಿದೆ. ದೋಸೆ ಹುಯ್ಯಬಹುದು, ಅಷ್ಟು ಬಿಸಿ! ದಿಂಬಿನಷ್ಟೇ ಅಗಲ. ಸುತ್ತ ಎಲ್ಲ ಹಿಮ, ಅದೊಂದೇ ಜಾಗ ಕೆಂಡ.

"ನಮ್ಮ ಮಾವನವರ ಕಾಲದ ಬಿಸಿಜಾಗ ಹೀಗೇ ಇತ್ತು," ಅತ್ತೆಯ ಕಣ್ಣು ತುಂಬಿಬಂತು. "ಒಲೆ ಹತ್ತಿರದ ಮೂಲೆ. ಅಲ್ಲಿ ಕೂರೋ ಯೋಗ್ಯತೆ ಮನೆ ಹಿರಿಯರಿಗೆ ಮಾತ್ರ. ನಾನು ಸೊಸೆಯಾಗಿ ಮೂವತ್ತು ವರ್ಷ ಬಾಗಿಲ ಹತ್ತಿರ ತಣ್ಣಗೆ ಕೂತಿದ್ದೆ."

"ಹಾಗಾದ್ರೆ ಇವತ್ತಿಂದ ಈ ಸಿಂಹಾಸನ ನಿಮ್ಮದೇ ಅತ್ತೆ!" ಅಂತ ನಾನು ಘೋಷಿಸಿದೆ.

"ಛೇ ಛೇ! ಅಳಿಯ ಅಂದ್ರೆ ನೂರು ವರ್ಷದ ನೆಂಟ. ದುಡಿದು ಬರೋ ಮೈ. ನೀವು ಕೂತ್ಕೊಳ್ಳಿ ಅಳಿಯಂದಿರೇ."

"ಹಿರಿಯರು ನಿಂತಿರುವಾಗ ನಾನು ಕೂರೋದೇ?"

"ನೀವು ನಿಂತಿರುವಾಗ ನಾನು ಕೂರೋದೇ?"

ಹೀಗೆ ಮರ್ಯಾದೆ ಕೊಟ್ಟುಕೊಂಡು ಇಬ್ಬರೂ ಹತ್ತು ನಿಮಿಷ ನಡುಗುತ್ತ ನಿಂತೆವು. ಕೊನೆಗೆ ಮಾಲ್ಜಾ ಬಂದು ಬಿಸಿಜಾಗದ ಮೇಲೆ ತಾನೇ ಧೊಪ್ಪನೆ ಕೂತಳು. "ನೀವಿಬ್ರೂ ತೀರ್ಮಾನ ಮಾಡ್ಕೊಂಡು ಹೇಳಿ, ಏಳ್ತೀನಿ," ಅಂದಳು.

ಆ ದಿನದಿಂದ ನಮ್ಮ ಮನೆಯ ಸಂಸಾರ ಆ ದಿಂಬಿನಗಲಕ್ಕೆ ಬಂದು ಸೇರಿತು. ಮಧ್ಯೆ ಅತ್ತೆಯ ಮಂಡಿ, ಅತ್ತ ಇತ್ತ ನಮ್ಮ ನಾಲ್ಕು ಪಾದ, ಮೇಲೊಂದು ಹತ್ತಿಯ ರಜಾಯಿ. ನಾನು ಸಂಜೆ ಪಾಳಿ ಮುಗಿಸಿ ಬಂದರೆ ಮುಚ್ಚಳದ ಬಟ್ಟಲಲ್ಲಿ ನನ್ನ ಪಾಲಿನ ಅನ್ನ ರಜಾಯಿಯಡಿ ಅತ್ತೆಯ ಕಾಲ ಬಳಿ ಬೆಚ್ಚಗೆ ಕಾದಿರುತ್ತಿತ್ತು. ನನ್ನ ತಾಯಿ ತೀರಿಕೊಂಡ ಮೇಲೆ ಹಾಗೆ ಅನ್ನ ಕಾದಿಟ್ಟವರು ಯಾರೂ ಇರಲಿಲ್ಲ. ನಿಜ ಹೇಳುತ್ತೇನೆ, ಮೊದಲ ದಿನ ಆ ಬಟ್ಟಲಲ್ಲಿ ಒಂದು ಅಗುಳೂ ಬಿಡದೆ ಉಂಡೆ. ನಾಳೆ ಬೆಳಗಿನ ಬಸ್ಸಿನ ಮಾತೂ ನಿಂತುಹೋಯಿತು.

ಇನ್ನೊಂದು ಪವಾಡ ಕೇಳಿ. ಬಿಸಿಜಾಗ ಬೆಳೆಯತೊಡಗಿತು! ದಿಂಬಿನಷ್ಟಿದ್ದದ್ದು ವಾರದಲ್ಲಿ ಊಟದ ಮೇಜಿನಷ್ಟಾಯಿತು, ಎರಡನೆಯ ವಾರಕ್ಕೆ ಚಾಪೆಯಷ್ಟಾಯಿತು.

"ನನ್ನ ಚಿಕಿತ್ಸೆ ನಾಟ್ತಿದೆ!" ಎದೆಯುಬ್ಬಿಸಿದೆ ನಾನು. "ಇದೇ ಲೆಕ್ಕದಲ್ಲಿ ಹೊಸವರ್ಷದ ಹೊತ್ತಿಗೆ ಇಡೀ ಮನೆ ಬಿಸಿ!" ಉತ್ಸಾಹದಲ್ಲಿ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು ಬಿಡತೊಡಗಿದೆ.

ಜಾಗ ದೊಡ್ಡದಾದದ್ದೇ ಅತ್ತೆ ಅದರ ಅರ್ಧ ಭಾಗದಲ್ಲಿ, ಬೇಯಿಸಿದ ಸೋಯಾಕಾಳಿನ ಬುಟ್ಟಿ ತಂದಿಟ್ಟು ಹೊದಿಕೆ ಹೊದಿಸಿದರು. ಮೂರು ದಿನ ಬಿಸಿಯಲ್ಲಿ ಹುದುಗಿದರೆ ಸಾರಿಗೆ ಅಮೃತವಂತೆ. ಸಾರು ಅಮೃತವೇ, ಅಲ್ಲಗಳೆಯುವುದಿಲ್ಲ. ಹುದುಗುವಾಗಿನ ವಾಸನೆ ಮಾತ್ರ ಒದ್ದೆ ಕಾಲುಚೀಲದ್ದು. ಅದನ್ನು ಮೈಗೆ ಹತ್ತಿಸಿಕೊಂಡು ನಾನು ಬಸ್ಸು ಓಡಿಸಿದರೆ ನನ್ನ ಹಿಂದಿನ ಎರಡು ಸೀಟು ಸದಾ ಖಾಲಿ.

ಈ ನಡುವೆ ಮೆಟ್ಟಿಲಲ್ಲಿ ಇನ್ನೂರೆರಡಮ್ಮ ಸಿಕ್ಕರು. ನಮ್ಮ ಕಟ್ಟಡದಲ್ಲಿ ಯಾರಿಗೂ ಹೆಸರಿಲ್ಲ, ಮನೆ ನಂಬರೇ ಹೆಸರು. ನಮ್ಮ ಕೆಳಗೇ, ಇನ್ನೂರೆರಡರಲ್ಲಿ, ಎಪ್ಪತ್ತು ದಾಟಿದ ಈ ಹೆಂಗಸು ಒಬ್ಬರೇ ಇದ್ದರು. ಮಾರುಕಟ್ಟೆಯಲ್ಲಿ ನಲವತ್ತು ವರ್ಷ ಮೀನು ಮಾರಿ, ಮೆತ್ತಗೆ ಮಾತಾಡುವುದನ್ನೇ ಮರೆತವರು.

"ಮುನ್ನೂರೆರಡಪ್ಪಾ! ನಿಮ್ಮ ಋಣ ಹೇಗೆ ತೀರಿಸ್ಲಿ? ಈ ವರ್ಷ ನಾನು ಬಾಯ್ಲರ್ ಹಚ್ಚೇ ಇಲ್ಲ! ನಿಮ್ಮ ಮನೆ ಬಿಸಿ ನಮ್ಮ ಮೇಲ್ಛಾವಣಿಯಿಂದ ಇಳಿದು ಬರ್ತಿದೆ!"

ಕೈಗೆ ಹತ್ತು ಒಣ ಪರ್ಸಿಮನ್ ಹಣ್ಣು ತುರುಕಿದರು. ನಾನು ಬೀಗುತ್ತ ಮೇಲೆ ಹೋಗಿ ಹೆಂಡತಿಯ ಮುಂದೆ ಹಣ್ಣು ಇಟ್ಟೆ. "ನೋಡು! ನನ್ನ ರಿಪೇರಿಯಿಂದ ನೆರೆಹೊರೆಯೂ ಉದ್ಧಾರ ಆಗ್ತಿದೆ!"

ಮಾಲ್ಜಾ ಹಣ್ಣು ಕಡಿದು, ಅಗಿಯುವುದನ್ನು ನಿಲ್ಲಿಸಿದಳು. "ರೀ... ಬಿಸಿ ಮೇಲಕ್ಕಲ್ವಾ ಹೋಗೋದು? ಕೆಳಕ್ಕೆ ಹೇಗೆ ಇಳೀತು?"

"ಹೆಚ್ಚಾದಾಗ ಇಳಿಯುತ್ತೆ," ಅಂದೆ. ಈ ಉತ್ತರ ನೆನೆದರೆ ಈಗಲೂ ನನಗೆ ಬೆವರುತ್ತದೆ.

ಆ ಭಾನುವಾರ ಮಧ್ಯಾಹ್ನ ನಾವು ಮೂವರೂ ರಜಾಯಿಯೊಳಗೆ ಕಾಲು ಸೇರಿಸಿ ಸೋಯಾ ಸಾರು ಹೀರುತ್ತಿದ್ದೆವು. ಕೆಳಗಿನಿಂದ 'ಫಟ್!' ಅಂತೊಂದು ಸದ್ದು, ಹಿಂದೆಯೇ 'ಧೋ!' ಅಂತ ಇನ್ನೊಂದು, ಅದರ ಹಿಂದೆ ಮೀನುಪೇಟೆಯ ಇಡೀ ಗಂಟಲಿನ ಚೀತ್ಕಾರ. ಬಾಗಿಲು ತೆರೆದರೆ ಇನ್ನೂರೆರಡಮ್ಮ! ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಗಲ ಮೇಲೆ ಶಲ್ಯದಂತೆ ಇಳಿಬಿದ್ದಿತ್ತು ಛಾವಣಿಗೆ ಅಂಟಿಸುವ ಹೂವಿನ ಚಿತ್ರದ ಕಾಗದ.

"ಮುನ್ನೂರೆರಡಪ್ಪಾ! ನಿಮ್ಮನೆ ನಮ್ಮನೇಗೆ ಬಂದ್ಬಿಡ್ತು!"

ಛಾವಣಿಯ ಕಾಗದ ತುಂಬುಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿ ಹತ್ತು ದಿನವಾಗಿತ್ತಂತೆ.

"ಹತ್ತು ದಿನದಿಂದ ನೋಡ್ತಾ ಇದ್ರಿ! ಮೊದಲೇ ಹೇಳ್ಬಾರದಾ?" ಅಂದಳು ಮಾಲ್ಜಾ.

"ಬೆಚ್ಚಗಿತ್ತಲ್ಲಮ್ಮಾ," ಅಂದರು ಆಕೆ, ಮೂಗು ಒರೆಸಿಕೊಳ್ಳುತ್ತ. "ಹೇಳಿದ್ರೆ ನಿಲ್ಲಿಸ್ಬಿಡ್ತೀರಿ ಅಂತ ಸುಮ್ನಿದ್ದೆ."

ಪ್ರತಿಜ್ಞೆ ಅಲ್ಲೇ ನೀರುಪಾಲಾಯಿತು. ಮರುದಿನ ಹಾಂ ಎಂಬ ರಿಪೇರಿಯವನು ಬಂದ. ಕಿವಿಗೆ ಡಾಕ್ಟರರ ಹಾಗೊಂದು ಕೊಳವೆ ಸಿಕ್ಕಿಸಿ ನೆಲದ ಎದೆಬಡಿತ ಕೇಳುತ್ತ ಮೊಣಕಾಲಲ್ಲಿ ಮನೆಯೆಲ್ಲ ತೆವಳಿದ. ತೆವಳಿ ತೆವಳಿ ಅತ್ತೆಯ ಮುಂದೆ ಬಂದು ನಿಂತ.

"ಅಜ್ಜೀ, ಸ್ವಲ್ಪ ಏಳಿ."

"ಯಾಕೆ ಏಳ್ಬೇಕು? ನನ್ನ ಅಳಿಯ ಕೂರ್ಸಿದ ಜಾಗ ಇದು."

"ಅಜ್ಜೀ, ಕೊಳವೆ ಒಡೆದಿರೋದು ಅಲ್ಲೇ. ಮೂರು ವಾರದಿಂದ ನೀವು ತೂತಿನ ಮೇಲೆ ಕೂತಿದ್ದೀರಿ."

ಅತ್ತೆ, ಮಾಲ್ಜಾ, ನೋಡಲು ಮೇಲೆ ಬಂದಿದ್ದ ಇನ್ನೂರೆರಡಮ್ಮ, ಮೂರು ಹೆಂಗಸರೂ ನನ್ನತ್ತ ತಿರುಗಿದರು. ಹಾಂ ನಿಧಾನವಾಗಿ ವಿಚಾರಣೆ ಶುರುಮಾಡಿದ.

"ನೀರು ಕಮ್ಮಿ ಅಂತ ದೀಪ ಹತ್ತಿತ್ತಾ?"

"ಹತ್ತಿತ್ತು."

"ಏನ್ ಮಾಡಿದ್ರಿ?"

"ನೀರು ಬಿಟ್ಟೆ."

"ಎಷ್ಟು ಸಲ?"

"ದಿನಾ," ಅಂದಳು ಮಾಲ್ಜಾ. "ಆಮೇಲಾಮೇಲೆ ಎರಡು ಹೊತ್ತು. ಊಟಕ್ಕೆ ಮುಂಚೆ ಮಾತ್ರೆ ಕೊಟ್ಟ ಹಾಗೆ."

ಹಾಂ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸತ್ತವರ ಮನೆಯಲ್ಲಿ ನಿಲ್ಲುವ ಹಾಗೆ ನಿಂತು, "ಮೊದಲ ದಿನ ಕರೆದಿದ್ರೆ ಅರ್ಧ ಹೊತ್ತಿನ ಕೆಲಸ ಇತ್ತು ಸಾರ್," ಅಂದ.

"ಈ ಕಟ್ಟಡದ ನೆಲವೇ ಸರಿಯಿಲ್ಲ ಕಣಯ್ಯಾ, ಕಟ್ಟಿದವರು..." ಅಂತ ನಾನು ಬಾಯಿ ತೆರೆದೆ.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!" ಅಂದಳು ಮಾಲ್ಜಾ.

ಉಗುರಲ್ಲಿ ಹೋಗುವುದಕ್ಕೆ ಕೊಡಲಿಯಲ್ಲ, ನಿಜವಾದ ಸುತ್ತಿಗೆಯೇ ಬಂತು! ಅತ್ತೆಯ ಸಿಂಹಾಸನವನ್ನು ನಮ್ಮ ಕಣ್ಣೆದುರೇ ಒಡೆದು ಚೂರು ಮಾಡಿದರು. ಚಳಿಯಲ್ಲಿ ಕೆರೆಯ ಮಂಜುಗಡ್ಡೆ ಕೊರೆದು ಮೀನು ಹಿಡಿಯುವ ಹೊಸ ಗಾಳಕ್ಕೆಂದು ನಾನು ಮೂರು ವರ್ಷದಿಂದ ಕೂಡಿಟ್ಟ ದುಡ್ಡು ಆ ಗುಂಡಿಯೊಳಗೇ ಹೋಯಿತು. ಇನ್ನೂರೆರಡಮ್ಮನ ಛಾವಣಿಗೆ ಕಾಗದ ಅಂಟಿಸುವವರನ್ನು ಕರೆಯಲು ಚಿಲ್ಲರೆ ಕಾಸೂ ಉಳಿಯಲಿಲ್ಲ. ಛಾವಣಿ ಒಣಗಿದ ಮೇಲೆ ನಾನೇ ಅಂಟಿಸುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಆಕೆ ನಮ್ಮ ಮನೆಯಲ್ಲೇ ಇರತಕ್ಕದ್ದು.

ನೆಲ ಒಡೆದ ಮನೆ, ಬಾಯ್ಲರ್ ಬಂದ್, ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ! ಹೋಯಿತು, ಅತ್ತೆ ಇವತ್ತೇ ಗಂಟು ಕಟ್ಟುತ್ತಾರೆ ಅಂತ ನಾನೂ ಮಾಲ್ಜಾನೂ ಉಸಿರು ಬಿಗಿಹಿಡಿದೆವು. ಆದರೆ ಇಬ್ಬರು ಮುದುಕಿಯರು ಒಂದೇ ರಜಾಯಿ ಹೊದ್ದು, ಬಿಸಿನೀರಿನ ಬಾಟಲಿ ತಬ್ಬಿ, ಹೂವಿನ ಚಿತ್ರದ ಇಸ್ಪೀಟೆಲೆ ಹರಡಿ ಕೂತರು. ಎಲೆ ಕುಕ್ಕುವ 'ಟಪ್ ಟಪ್' ಸದ್ದಿಗೆ ಕಿಟಕಿ ಅದುರುತ್ತಿತ್ತು.

"ಅಕ್ಕಾ, ಮೋಸ ಮಾಡ್ತಿದ್ದೀರಿ!"

"ಮೀನು ತೂಕದಲ್ಲಿ ನಲವತ್ತು ವರ್ಷ ನೀನು ಮಾಡಿದ್ದೇನು?"

ಹೀಗೆ ಬೈದುಕೊಳ್ಳುತ್ತ ನಗುತ್ತ ಮೂರು ದಿನ ಕಳೆದರು. ನಾನು ಕೆಳಗೆ ಮೇಜಿನ ಮೇಲೆ ಹತ್ತಿ ಕಾಗದ ಅಂಟಿಸುತ್ತಿದ್ದರೆ, ಇಬ್ಬರೂ ಬಂದು ಕತ್ತೆತ್ತಿ ನಿಂತು "ಎಡಕ್ಕೆ", "ಬಲಕ್ಕೆ" ಅಂತ ಒಟ್ಟಿಗೇ ಅಪ್ಪಣೆ ಕೊಟ್ಟರು. ಮೈದಾ ಗೋಂದು ಛಾವಣಿಗಿಂತ ನನ್ನ ತಲೆಗೇ ಹೆಚ್ಚು ಹಿಡಿಯಿತು. ಇವತ್ತಿಗೂ ಆ ಛಾವಣಿಯ ಒಂದು ಮೂಲೆಯಲ್ಲಿ ಹೂಗಳು ತಲೆಕೆಳಗಾಗಿವೆ.

ನಾಲ್ಕನೆಯ ದಿನ ನೆಲ ಮುಚ್ಚಿ ಬಾಯ್ಲರ್ ಹಚ್ಚಿದರು. ಬಿಸಿನೀರು ಎಲ್ಲ ಕೊಳವೆಗಳಲ್ಲೂ ಹರಿಯಿತು. ಇಡೀ ನೆಲ, ಈ ಗೋಡೆಯಿಂದ ಆ ಗೋಡೆಯವರೆಗೆ, ಒಂದೇ ಸಮ ಬೆಚ್ಚಗೆ! ಇನ್ನೂರೆರಡಮ್ಮ ತಮ್ಮ ಮನೆಗಿಳಿದರು. ಮಾಲ್ಜಾ ಕಾಲುಚೀಲ ಕಿತ್ತೆಸೆದು ಮಗುವಿನ ಹಾಗೆ ನೆಲದ ಮೇಲೆ ಹೊರಳಾಡಿದಳು.

ಅತ್ತೆ ಮಾತ್ರ ಬರಿಗಾಲಲ್ಲಿ ಕೋಣೆಯೆಲ್ಲ ಅಲೆಯುತ್ತಿದ್ದರು. ಬೀರುವಿನ ಪಕ್ಕ ನಿಂತರು, ಕಿಟಕಿ ಹತ್ತಿರ ನಿಂತರು, ಬಾಗಿಲ ಹತ್ತಿರ ನಿಂತರು.

"ಏನು ಹುಡುಕ್ತಿದ್ದೀರಿ ಅತ್ತೆ?"

"ಎಲ್ಲಾ ಕಡೆ ಒಂದೇ ಥರ ಇದೆಯಲ್ಲ, ಅಳಿಯಂದಿರೇ. ಹಿರಿಯರು ಕೂರೋದು ಎಲ್ಲಿ?"

ಅವತ್ತು ಸಂಜೆ ನಾನು ಬಂದಾಗ ಅನ್ನ ಕುಕ್ಕರಿನಲ್ಲಿತ್ತು, ಮಾಲ್ಜಾ ಟಿವಿ ಮುಂದೆ ಇದ್ದಳು, ಅತ್ತೆ ಇನ್ನೊಂದು ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಮನೆ ಬೆಚ್ಚಗಾದದ್ದೇ ನಾವು ಮೂವರೂ ಮೂರು ಮೂಲೆಗೆ ಹಂಚಿಹೋಗಿದ್ದೆವು. ಮನಸ್ಸಿಗೆ ತುಂಬಾ ಕಸಿವಿಸಿಯಾಯಿತು.

ಬೆಳಗಾದರೆ ಗಂಟು ಕಟ್ಟಿತ್ತು!

"ಅಮ್ಮಾ, ಇನ್ನೂ ಜನವರಿ ಬಂದಿಲ್ಲ! ಮಂಡಿ ಇಳಿದಿಲ್ಲ!" ಮಾಲ್ಜಾ ಅತ್ತಳು.

"ಕಿಮ್ಚಿ ಹಾಕೋಕೆ ಬಂದೆ, ಹಾಕಿದ್ದಾಯ್ತು. ಅಳಿಯನ ಮನೇಲಿ ಎಷ್ಟು ದಿನ ಅಂತ ಇರೋದು? ನಾಲ್ಕು ಜನ ಏನಂದಾರು? ನೀನು ಕೆಳಗೆ ಬರ್ಬೇಡ, ನೋಡಿದ್ರೆ ನನಗೂ ಅಳು ಬರುತ್ತೆ."

ಮಾಲ್ಜಾ ಅಡುಗೆಮನೆಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ನಾನು ಗಂಟು ಹೊತ್ತು ಮೆಟ್ಟಿಲಿಳಿದೆ. ಒಂದೊಂದು ಮೆಟ್ಟಿಲಿಗೂ ಆ ಗಂಟು ಭಾರವಾಗುತ್ತಿತ್ತು. ಇಪ್ಪತ್ತಮೂರು ದಿನ ಕೆಟ್ಟ ಬಾಯ್ಲರ್ ಉಳಿಸಿಕೊಂಡ ಜೀವವನ್ನು ನಾನು ಸರಿಮಾಡಿಸಿ ಕಳಿಸುತ್ತಿದ್ದೆನಲ್ಲ! "ಅತ್ತೆ, ನನ್ನದು ತಪ್ಪಾಯ್ತು," ಅಂದೆ.

ಅಷ್ಟರಲ್ಲಿ ಎರಡನೆಯ ಮಹಡಿಯಲ್ಲಿ ಬಾಗಿಲು ತೆರೆಯಿತು.

"ಬಂದ್ರಾ ಅಕ್ಕಾ? ಗಂಟು ಒಳಗೆ ಇಡು ಮುನ್ನೂರೆರಡಪ್ಪಾ, ಏನು ನೋಡ್ತಾ ನಿಂತೆ?"

"ಅತ್ತೆ! ಊರಿಗಲ್ವಾ?"

"ಊರಿಗಾ? ಈ ಚಳೀಲಾ?" ಅತ್ತೆ ಚಪ್ಪಲಿ ಬಿಡುತ್ತ ಅಂದರು. "ನನಗೇನು ತಲೆ ಕೆಟ್ಟಿದ್ಯಾ? ಇವಳ ಮಗ ಕರೆಂಟಲ್ಲಿ ಕಾಯೋ ಬಿಸಿಕಲ್ಲಿನ ಮಂಚ ಕೊಡಿಸಿದಾನೆ, ಇಬ್ರು ಮಲಗ್ಬಹುದು. ಇನ್ಮೇಲೆ ಅಳಿಯನ ಮನೇಲಿ ಬಿದ್ದಿದ್ದಾಳೆ ಅಂತ ಯಾರೂ ಅನ್ನಂಗಿಲ್ಲ. ಗೆಳತಿ ಮನೇಲಿದ್ದೀನಿ!"

"ಮಾಲ್ಜಾಗೆ ಮೊದಲೇ ಹೇಳ್ಬಾರದಾ ಅತ್ತೆ?"

"ಹೇಳಿದ್ರೆ ಬಿಡ್ತಿದ್ಲಾ? ಮೊದಲು ಮನೆಯಿಂದ ಹೊರಗೆ ಬಂದ್ರೆ ತಾನೇ ಹೊರಟ ಹಾಗೆ!"

ನಾನು ಮೇಲೆ ಬಂದೆ. ಮಾಲ್ಜಾ ಇನ್ನೂ ಪಾತ್ರೆಗಳ ಕಡೆ ಮುಖ ಮಾಡಿ ನಿಂತಿದ್ದಳು.

"ಹೋದ್ರಾ?"

"ಹೋದ್ರು."

"ಬಸ್ಸಿನಲ್ಲಿ ಸೀಟು ಸಿಕ್ತಾ?"

"ಮಲಗೋಕೇ ಜಾಗ ಸಿಕ್ತು."

"ಈ ಹೊತ್ತಲ್ಲೂ ತಮಾಷೆ! ಈಗ ಎಷ್ಟು ದೂರ ಹೋಗಿರ್ತಾರೋ, ಪಾಪ..."

"ಹದಿನೆಂಟು ಮೆಟ್ಟಿಲು," ಅಂದೆ.

ವಿಷಯ ಕೇಳಿ ಆಕೆ ಅಳುತ್ತಲೇ ನಕ್ಕಳು, ನಗುತ್ತಲೇ ನನ್ನ ಬೆನ್ನಿಗೆ ಎರಡು ಗುದ್ದಿದಳು, ಒಂದು ಡಬ್ಬಿ ಕಿಮ್ಚಿ ಎತ್ತಿಕೊಂಡು ಏಪ್ರನ್ನಿನಲ್ಲೇ ಕೆಳಗೆ ಓಡಿದಳು. ಇಡೀ ಬೆಚ್ಚನೆಯ ಮನೆಯಲ್ಲಿ ನಾನೊಬ್ಬನೇ ಉಳಿದೆ. ಅರ್ಧ ಗಂಟೆ ಕಾದೆ, ಬರಲಿಲ್ಲ. ಒಂದು ಗಂಟೆಯಾಯಿತು. ಕೆಳಗಿನಿಂದ ಇಸ್ಪೀಟಿನ ಟಪ್ ಟಪ್, ಮೂವರ ನಗು. ಆಮೇಲೆ ಯಾರೋ ಪೊರಕೆಯ ಹಿಡಿಯಿಂದ ನನ್ನ ಕಾಲಡಿಯ ನೆಲವನ್ನು ಕುಟ್ಟಿದರು. ಇನ್ನೂರೆರಡಮ್ಮನೇ ಇರಬೇಕೆಂದು ಕಿಟಕಿ ತೆರೆದು ಬಗ್ಗಿದೆ. ಕೆಳಗಿನ ಕಿಟಕಿಯಿಂದ ಬಂದದ್ದು ಧರ್ಮಪತ್ನಿಯ ಧ್ವನಿ!

"ರೀ! ಬೆನ್ನು ಬೆಚ್ಚಗಿದೆ, ಮೂಗು ತಣ್ಣಗಿದೆ! ಮೇಲಿಂದ ಬಿಸಿ ಏನೂ ಬರ್ತಿಲ್ಲ ನಮಗೆ! ನೀವು ಮೊದಲು ಏನು ಮಾಡ್ತಿದ್ರೋ ಅದನ್ನೇ ಮಾಡಿ!"